ನೆಲದ ಆರ್ಕಿಡ್: ಗೆಡ್ಡೆಯಿಂದ ಹೂವಿನವರೆಗೆ

(ಸಂಸ್ಥೆಯ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಳೆದ ವರ್ಷ ಇದೇ ಸಭಾಂಗಣದಲ್ಲಿ ಕಾರ್ಯಕ್ರಮ ಮುಗಿದು ಎಲ್ಲರೂ ಊಟಕ್ಕೆ ಹೊರಟಿದ್ದಾಗ ಪಿಯುಸಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ನನ್ನ ಬಳಿ ಬಂದಳು. ಕೈಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಪೊಟ್ಟಣ. ಅದರ ಮೇಲೆ ರೆಕ್ಕೆ ಬಿಚ್ಚಿ ಹಾರುವ ಬೆಳ್ಳಕ್ಕಿಯಂಥ ಒಂದು ಬಿಳಿ ಹೂವಿನ ಚಿತ್ರ. ಒಳಗೆ ಸಾಸಿವೆಯಷ್ಟು ದಪ್ಪದ ಕಪ್ಪು ಬೀಜಗಳು. "ಸರ್, ಮೊಬೈಲ್‌ನಲ್ಲಿ ನೋಡಿ ತರಿಸಿದ್ದೆ. ಮೂರು ಸಲ ಬಿತ್ತಿದೆ. ಬರೀ ಹುಲ್ಲು ಬಂತು. ನಮ್ಮ ಮನೆಯಲ್ಲಿ ನನ್ನ ಕೈಗುಣವೇ ಸರಿಯಿಲ್ಲ ಅಂತಾರೆ" ಎಂದಳು. ಹಬ್ಬಕ್ಕೆ ಸಿಕ್ಕಿದ ಹಣವನ್ನು ಆಕೆ ಅದಕ್ಕೆ ಹಾಕಿದ್ದಳು. ಕೈಗುಣದ ತಪ್ಪಲ್ಲ ಮಗಳೇ, ಇದು ಆ ಹೂವಿನ ಬೀಜವೇ ಅಲ್ಲ ಎಂದು ಹೇಳಿ ಕಳಿಸಿದೆ. ಆದರೆ ಊಟದ ಗಡಿಬಿಡಿಯಲ್ಲಿ ಕೊಟ್ಟ ಆ ಉತ್ತರ ಪೂರ್ತಿಯಾಗಿರಲಿಲ್ಲ. ಈ ವರ್ಷ ಏನಾದರೂ ವಿಜ್ಞಾನದ ವಿಷಯ ಮಾತನಾಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ, ಉಳಿದ ಉತ್ತರವನ್ನೇ ಹೇಳಿಬಿಡೋಣ ಎಂದು ನಿರ್ಧರಿಸಿದೆ.

ಆರ್ಕಿಡ್ ಎಂದೊಡನೆ ನಮಗೆ ನೆನಪಾಗುವುದು ಮರಕ್ಕೆ ಅಂಟಿಕೊಂಡು ಬೆಳೆಯುವ ಸೀತಾಳೆ ದಂಡೆ, ಇಲ್ಲವೇ ಮದುವೆ ಮಂಟಪದಲ್ಲಿ ಕಟ್ಟುವ ನೇರಳೆ ಹೂಗೊಂಚಲು. ಜಗತ್ತಿನಲ್ಲಿ 25 ಸಾವಿರಕ್ಕೂ ಹೆಚ್ಚು ಜಾತಿಯ ಆರ್ಕಿಡ್‌ಗಳಿವೆ. ಇವುಗಳಲ್ಲಿ ಅನೇಕವು ಮರವನ್ನು ಹತ್ತದೆ ಸಾಮಾನ್ಯ ಹುಲ್ಲಿನಂತೆ ನೆಲದಲ್ಲೇ ಬೆಳೆಯುತ್ತವೆ. ಇವಕ್ಕೆ ನೆಲದ ಆರ್ಕಿಡ್ ಎನ್ನುತ್ತೇವೆ. ಹಿಮ ಬೀಳುವ ನಾಡುಗಳಲ್ಲಿ ಉಳಿದು ಬಂದಿರುವುದು ಬಹುಪಾಲು ಇಂಥವೇ. ಚಳಿ ಬಂದಾಗ ಮೇಲಿನ ಎಲೆ, ದಂಟು ಎಲ್ಲ ಒಣಗಿ ಹೋಗಲಿ, ಮಣ್ಣಿನೊಳಗೆ ಗೆಡ್ಡೆ ಉಳಿದರೆ ಸಾಕು ಎಂಬುದು ಅವುಗಳ ಬಾಳುವೆಯ ಕ್ರಮ. ಅರಿಸಿನ, ಶುಂಠಿ, ಸುವರ್ಣಗೆಡ್ಡೆ ಬೆಳೆದವರ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಆ ಬೀಜದ ವಿಷಯ ಮುಗಿಸುತ್ತೇನೆ. ಆರ್ಕಿಡ್‌ನ ಬೀಜ ಸಾಸಿವೆಯಷ್ಟು ದಪ್ಪ ಇರಲು ಸಾಧ್ಯವೇ ಇಲ್ಲ. ಅದು ಧೂಳು. ಒಂದು ಕಾಯಿಯೊಳಗೆ ಸಾವಿರಾರು, ಕೆಲವು ಜಾತಿಗಳಲ್ಲಿ ಲಕ್ಷಾಂತರ ಬೀಜಗಳಿರುತ್ತವೆ. ಉಫ್ ಎಂದರೆ ಹಾರಿಹೋಗುತ್ತವೆ. ಭತ್ತದ ಕಾಳಿನಲ್ಲಿ, ಕಡಲೆಯಲ್ಲಿ ತಾಯಿಗಿಡ ಮೊಳಕೆಗೆಂದು ಬುತ್ತಿ ಕಟ್ಟಿ ಕಳಿಸಿರುತ್ತದೆ. ಆರ್ಕಿಡ್ ಬೀಜಕ್ಕೆ ಆ ಬುತ್ತಿ ಇಲ್ಲ. ಮಣ್ಣಿನಲ್ಲಿರುವ ಒಂದು ಬಗೆಯ ಶಿಲೀಂಧ್ರ ಅದರೊಳಗೆ ಹೊಕ್ಕು ಆಹಾರ ಒದಗಿಸಿದರೆ ಮಾತ್ರ ಮೊಳೆಯುತ್ತದೆ. ಇದನ್ನು ಫ್ರಾನ್ಸಿನ ನೋಯೆಲ್ ಬರ್ನಾರ್ಡ್ ಎಂಬ ಯುವ ವಿಜ್ಞಾನಿ 1899ರಲ್ಲಿ ಕಂಡುಕೊಂಡರು. ಆಗ ಅವರಿಗೆ ಇನ್ನೂ ಇಪ್ಪತ್ತೈದು ತುಂಬಿತ್ತೋ ಇಲ್ಲವೋ. 1911ರಲ್ಲಿ ತೀರಿಹೋದರು. ಶಿಲೀಂಧ್ರದ ಬದಲು ಸಕ್ಕರೆ ಬೆರೆಸಿದ ಅಗರ್ ಮೇಲೆ ಗಾಜಿನ ಸೀಸೆಯಲ್ಲಿ ಬೀಜ ಮೊಳೆಸುವ ವಿಧಾನವನ್ನು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಪ್ರಕಟಿಸಿದರು. ಇಂದಿಗೂ ಪ್ರಯೋಗಾಲಯಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ. ಅಂದರೆ ಕುಂಡದ ಮಣ್ಣಿಗೆ ಬೀಜ ಎರಚಿ ಆರ್ಕಿಡ್ ಬೆಳೆಸುತ್ತೇನೆ ಎನ್ನುವುದು ಆಗದ ಮಾತು. ಹಾಗೆ ಬೀಜ ಮಾರುವವರು ಮಾರುತ್ತಿರುವುದು ಬರೀ ಚಿತ್ರವನ್ನು.

ಆದರೆ ಆ ಚಿತ್ರದಲ್ಲಿದ್ದ ಹೂವು ಸುಳ್ಳಲ್ಲ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಬೆಳೆಸಿದ್ದೇನೆ, ಕೊಂದೂ ಇದ್ದೇನೆ.

2014ರಲ್ಲಿ ಎರಡು ವರ್ಷಗಳ ಸಂಶೋಧನೆಗೆಂದು ಜಪಾನಿನ ತ್ಸುಕುಬಾ ನಗರಕ್ಕೆ ಹೋಗಿದ್ದೆ. ನಾನಿದ್ದ ಕಟ್ಟಡದ ಕೆಳಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದ್ದರು. ನನಗೆ ಬರುತ್ತಿದ್ದ ಜಪಾನಿ ಭಾಷೆ ಅಂಗಡಿಯಲ್ಲಿ ಅಕ್ಕಿ, ಮೊಟ್ಟೆ ಕೇಳುವಷ್ಟು. ಅವರಿಗೆ ಇಂಗ್ಲಿಷ್ ಬಾರದು. ಮಾರ್ಚ್ ತಿಂಗಳಲ್ಲಿ ಒಂದು ದಿನ ಬಾಗಿಲು ತಟ್ಟಿ, ಒದ್ದೆ ಪಾಚಿಯಲ್ಲಿ ಸುತ್ತಿದ ಐದು ಗೆಡ್ಡೆಗಳನ್ನು ಕೊಟ್ಟರು. ಒಂದೊಂದೂ ಬಟಾಣಿ ಕಾಳಿನಷ್ಟು. ಒಂದು ತುದಿಯಲ್ಲಿ ಚೂಪಾದ ಬಿಳಿ ಮೊಗ್ಗು. "ಸಗಿಸೋ" ಎಂದರು. ಸಗಿ ಎಂದರೆ ಬೆಳ್ಳಕ್ಕಿ, ಸೋ ಎಂದರೆ ಹುಲ್ಲು ಅಥವಾ ಸಣ್ಣ ಗಿಡ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಪೆಕ್ಟೈಲಿಸ್ ರೇಡಿಯೇಟಾ ಅಥವಾ ಹೆಬೆನೇರಿಯಾ ರೇಡಿಯೇಟಾ ಎಂಬ ಹೆಸರುಗಳಿವೆ. ಜಪಾನ್, ಕೊರಿಯಾ ಕಡೆಯ ಬಿಸಿಲು ಬೀಳುವ ಜೌಗು ನೆಲದ ಗಿಡ. ಬಿಳಿ ಕೋಟೆಗೆ ಹೆಸರಾದ ಹಿಮೇಜಿ ಪಟ್ಟಣದ ನಗರಪುಷ್ಪವೂ ಇದೇ. ಜೌಗು ಪ್ರದೇಶಗಳು ಬತ್ತಿ, ಜನರೂ ಕಿತ್ತುಕೊಂಡು ಹೋಗಿ, ಕಾಡಿನಲ್ಲಿ ಇದು ವಿರಳವಾಗುತ್ತಾ ಬಂದಿದೆ. ಮನೆಗಳ ಕುಂಡಗಳಲ್ಲಿ ಮಾತ್ರ ತಲೆಮಾರುಗಳಿಂದ ಕೈಯಿಂದ ಕೈಗೆ ದಾಟುತ್ತಾ ಉಳಿದಿದೆ.

ನೆಡುವ ವಿಧಾನವನ್ನು ಅಜ್ಜಿ ಕೈಸನ್ನೆಯಲ್ಲೇ ಹೇಳಿಕೊಟ್ಟರು. ಗೇಣಿಗಿಂತ ಚಿಕ್ಕ ಕುಂಡ. ಒಳಗೆ ಮಣ್ಣಿಲ್ಲ, ನೆನೆಸಿ ಹಿಂಡಿದ ಸ್ಫ್ಯಾಗ್ನಮ್ ಪಾಚಿ. ಕೆಲವರು ಕನುಮಾ ಎಂಬ ಹಳದಿ ಹಗುರ ಕಲ್ಲಿನ ಹರಳನ್ನೂ ಬಳಸುತ್ತಾರೆ. ಗೆಡ್ಡೆಯ ಮೊಗ್ಗು ಮೇಲಕ್ಕೆ ಬರುವಂತೆ ಇಟ್ಟು ಮೇಲೆ ಒಂದು ಬೆರಳಗಲ ಪಾಚಿ ಮುಚ್ಚುವುದು. ಒಂದು ಕುಂಡಕ್ಕೆ ಐದರಿಂದ ಹತ್ತು ಗೆಡ್ಡೆ ಹಿಡಿಯುತ್ತವೆ. ಬೆಳಗಿನ ಬಿಸಿಲು ಬೀಳುವ ಕಡೆ ಇಟ್ಟು ಎಂದೂ ಒಣಗದಂತೆ ನೋಡಿಕೊಳ್ಳುವುದು. ಬೇಸಿಗೆಯಲ್ಲಿ ಕುಂಡದ ಕೆಳಗೆ ತಟ್ಟೆಯಿಟ್ಟು ಅರ್ಧ ಅಂಗುಲ ನೀರು ನಿಲ್ಲಿಸಿದರೂ ನಡೆಯುತ್ತದೆ. ಗೊಬ್ಬರ ಬಹಳ ಕಡಿಮೆ, ಬರೀ ನೀರಿನಂತೆ ತೆಳುವಾಗಿ ಕರಗಿಸಿ. ನಮ್ಮ ಕಡೆ ಪ್ರೀತಿ ಹೆಚ್ಚಾದರೆ ಗೊಬ್ಬರವೂ ಹೆಚ್ಚಾಗುತ್ತದೆ. ಬಡ ಜೌಗಿನಲ್ಲಿ ಹುಟ್ಟಿದ ಈ ಗಿಡದ ಬೇರು ಅದನ್ನು ತಡೆಯುವುದಿಲ್ಲ.

ಮೇ ತಿಂಗಳಲ್ಲಿ ಗರಿಕೆಯಂಥ ಎಲೆ, ಜುಲೈಯಲ್ಲಿ ಸಣ್ಣ ದಂಟು, ಆಗಸ್ಟ್ ಮೊದಲ ವಾರ ಹೂವು. ಅದನ್ನು ವರ್ಣಿಸಿ ನಿಮ್ಮ ಸಮಯ ತೆಗೆದುಕೊಳ್ಳುವುದಿಲ್ಲ. ಚಿತ್ರದಲ್ಲಿ ಇದ್ದಂತೆಯೇ ಇರುತ್ತದೆ, ಅಷ್ಟೆ. ಕೆಳಗಿನ ಎಸಳಿನ ಎರಡು ಪಕ್ಕದ ಭಾಗಗಳ ಅಂಚು ಹಕ್ಕಿಯ ಗರಿಯಂತೆ ಸೀಳಿಕೊಂಡಿರುತ್ತದೆ. ಈ ಸೀಳಿದ ಅಂಚು ಏಕೆ ಎಂದು 2022ರಲ್ಲಿ ಜಪಾನಿನ ಸಂಶೋಧಕರು ಅದನ್ನು ಕತ್ತರಿಸಿ ನೋಡಿದರು. ಅಂಚು ಕಳೆದುಕೊಂಡ ಹೂವುಗಳ ಕಾಯಿಗಳಲ್ಲಿ ಚೆನ್ನಾದ ಬೀಜ ಕಡಿಮೆಯಾಯಿತು. ಮಕರಂದ ಕುಡಿಯಲು ಬರುವ ದೊಡ್ಡ ಪತಂಗಗಳು ಆ ಅಂಚಿನ ಮೇಲೆ ಕಾಲು ಊರಿಕೊಳ್ಳುತ್ತವಂತೆ. ನಮ್ಮ ಕಣ್ಣಿಗೆ ಅಲಂಕಾರ, ಪತಂಗಕ್ಕೆ ಮೆಟ್ಟಿಲು.

ನಾನು ತಪ್ಪಿದ್ದು ಹೂವು ಮುಗಿದ ಮೇಲೆ. ಅಕ್ಟೋಬರ್ ಹೊತ್ತಿಗೆ ಎಲೆ ಹಳದಿಯಾಯಿತು. ನೀರು ಹೆಚ್ಚು ಹಾಕಿದೆ. ಇನ್ನೂ ಹಳದಿಯಾಯಿತು. ನವೆಂಬರ್‌ನಲ್ಲಿ ಕುಂಡದ ಮೇಲೆ ಏನೂ ಉಳಿಯಲಿಲ್ಲ. ಅಜ್ಜಿ ಪ್ರೀತಿಯಿಂದ ಕೊಟ್ಟದ್ದನ್ನು ಕೊಂದುಬಿಟ್ಟೆ ಎಂಬ ನಾಚಿಕೆಯಲ್ಲಿ, ಅವರು ನೋಡದ ಹೊತ್ತು ನೋಡಿ ಕುಂಡವನ್ನು ಕಸದ ಚೀಲಕ್ಕೆ ಬಗ್ಗಿಸುತ್ತಿದ್ದೆ. ಅಷ್ಟರಲ್ಲಿ ಅವರೇ ಹಿಂದೆ ಬಂದು ನಿಂತಿದ್ದರು. ಏನೂ ಹೇಳಲಿಲ್ಲ. ಕಸದ ಚೀಲದ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ಪಾಚಿಯನ್ನು ಎಳೆ ಎಳೆಯಾಗಿ ಬಿಡಿಸಿದರು. ಬಿಳಿ ದಾರದಂಥ ಬೇರುಗಳ ತುದಿಯಲ್ಲಿ ಒಂದು ಗೆಡ್ಡೆ, ಇನ್ನೊಂದು, ಮತ್ತೊಂದು. ಎಣಿಸಿದಾಗ ಒಂಬತ್ತು. ಪಕ್ಕದಲ್ಲಿ ಐದು ಖಾಲಿ ಸಿಪ್ಪೆಗಳಿದ್ದವು; ನಾನು ನೆಟ್ಟ ಐದು ಗೆಡ್ಡೆಗಳ ಅವಶೇಷ. ಅಜ್ಜಿ ನನ್ನ ಅಂಗೈ ಮೇಲೆ ಒಂಬತ್ತನ್ನೂ ಇಟ್ಟು ಒಂದೇ ಮಾತು ಹೇಳಿದರು: "ನೆತೆಇರು." ಮಲಗಿವೆ ಎಂದು ಅರ್ಥ.

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಲ್ಲೋಣ. ನೀವು ನೆಡುವ ಗೆಡ್ಡೆ ಮುಂದಿನ ವರ್ಷ ಇರುವುದಿಲ್ಲ. ಅದು ತನ್ನಲ್ಲಿರುವ ಹಿಟ್ಟನ್ನೆಲ್ಲ ಚಿಗುರಿಗೆ ಕೊಟ್ಟು ಬರಿದಾಗುತ್ತದೆ. ಎಲೆಗಳು ಬಿಸಿಲಿನಲ್ಲಿ ದುಡಿದು ತಯಾರಿಸಿದ ಆಹಾರದಿಂದ ಹೊಸ ಗೆಡ್ಡೆ ತುಂಬುತ್ತದೆ. ಯುರೋಪು, ಟರ್ಕಿ ಕಡೆಯ ಆರ್ಕಿಸ್ ಜಾತಿಗಳನ್ನು ಹೂವಿನ ಕಾಲದಲ್ಲಿ ಅಗೆದು ನೋಡಿದರೆ ಹಳೆಯದೊಂದು ಸುಕ್ಕುಗಟ್ಟಿದ್ದು, ಹೊಸದೊಂದು ತುಂಬಿಕೊಂಡಿದ್ದು, ಹೀಗೆ ಜೋಡಿಯಾಗಿ ಕಾಣುತ್ತವೆ. ಈ ಜೋಡಿಯನ್ನು ಕಂಡೇ ಪ್ರಾಚೀನ ಗ್ರೀಕರು ಅದಕ್ಕೆ ವೃಷಣ ಎಂಬರ್ಥದ ಆರ್ಕಿಸ್ ಎಂಬ ಹೆಸರಿಟ್ಟರು. ಅರಬ್ಬರೂ ಅದೇ ರೂಪ ಕಂಡು ನರಿಯ ಹೆಸರು ಸೇರಿಸಿ ಕರೆದರು. ಅರಬ್ಬಿಯಲ್ಲಿ ನರಿಗೆ ಸಅಲಬ್ ಎನ್ನುತ್ತಾರೆ. ಅದೇ ಮುಂದೆ ಸಹಲಬ್, ಸಲೆಪ್ ಆಯಿತು. ನಮ್ಮ ಉರ್ದುವಿನಲ್ಲಿ ಸಾಲಬ್ ಮಿಸ್ರಿ ಆಯಿತು.

ಈಗ ಹಿರಿಯರಲ್ಲಿ ಕೆಲವರು ಮುಗುಳ್ನಕ್ಕಿದ್ದು ಕಾಣಿಸಿತು. ಹೌದು, ಯುನಾನಿ ಔಷಧದ ಅಂಗಡಿಯ ಗಾಜಿನ ಭರಣಿಯಲ್ಲಿ ಒಣಗಿದ ಬಿಳಿ ಕಾಯಿಯಂತೆ ಇರುತ್ತಲ್ಲ, ಅದೇ ಸಾಲಬ್. ನನ್ನ ದಾದಾಜಾನ್ ಚಳಿಗಾಲದಲ್ಲಿ ಅದನ್ನು ಹಾಲಿಗೆ ಹಾಕಿ ಕುಡಿಯುತ್ತಿದ್ದರು. ಅದು ಯಾವ ಮರದ ಕಾಯಿ ಎಂದು ನಾನು ಬಾಲ್ಯದಲ್ಲಿ ಕೇಳಿದ್ದೆ. ಕಾಯಲ್ಲ, ಒಂದು ಆರ್ಕಿಡ್ ಗಿಡದ ಗೆಡ್ಡೆ ಎಂದು ತಿಳಿಯಲು ನಾನು ಎಂ.ಎಸ್ಸಿ. ಓದಬೇಕಾಯಿತು! ಟರ್ಕಿಯಲ್ಲಿ ಚಳಿಗಾಲದ ಬಿಸಿ ಪಾನೀಯ ಸಲೆಪ್ ಮತ್ತು ಮರಾಶ್ ಊರಿನ ದಾರದಂತೆ ಎಳೆಯಬಹುದಾದ ಐಸ್‌ಕ್ರೀಮು, ಎರಡಕ್ಕೂ ಇದೇ ಪುಡಿ ಬೇಕು. ಗೆಡ್ಡೆಯಲ್ಲಿರುವ ಗ್ಲುಕೋಮನ್ನನ್ ಎಂಬ ಅಂಟು ಪದಾರ್ಥ ಆ ಎಳೆತನ ಕೊಡುತ್ತದೆ. ಗೆಡ್ಡೆಗಳನ್ನು ತೊಳೆದು, ಕುದಿಸಿ, ದಾರಕ್ಕೆ ಪೋಣಿಸಿ ಒಣಗಿಸಿ ಬೀಸುತ್ತಾರೆ. ಒಂದು ಕಿಲೋ ಪುಡಿಗೆ ಸಾವಿರಕ್ಕೂ ಹೆಚ್ಚು ಗೆಡ್ಡೆ ಬೇಕು.

ಲೆಕ್ಕ ನೀವೇ ಹಾಕಿ. ಅಗೆಯುವವರಿಗೆ ಬೇಕಾದದ್ದು ತುಂಬಿಕೊಂಡ ಹೊಸ ಗೆಡ್ಡೆ. ಅದೇ ಮುಂದಿನ ವರ್ಷದ ಗಿಡ. ಹಳೆಯ ಸಿಪ್ಪೆಯನ್ನು ಮಣ್ಣಲ್ಲಿ ಬಿಟ್ಟರೂ ಅದು ಚಿಗುರದು. ಮಾವಿನ ಹಣ್ಣು ಕಿತ್ತಂತೆ ಇದು ಫಸಲು ಕೀಳುವುದಲ್ಲ, ಬುಡವನ್ನೇ ಕೀಳುವುದು. ನಮ್ಮ ಹಿಮಾಲಯದಲ್ಲಿ ಸಾಲಂಪಂಜಾ ಎಂದು ಕರೆಯುವ, ಅಂಗೈಯಂತೆ ಬೆರಳೊಡೆದ ಗೆಡ್ಡೆಯ ಡ್ಯಾಕ್ಟಿಲೋರೈಜಾ ಹತಗಿರಿಯಾ ಅಳಿವಿನ ಅಂಚಿಗೆ ಬಂದಿರುವುದು ಈ ಅಗೆತದಿಂದಲೇ. ನಾನು ಹಕೀಮರ ವಿದ್ಯೆಯನ್ನು ದೂರುತ್ತಿಲ್ಲ. ಆ ಕಾಲದಲ್ಲಿ ಬೇಡಿಕೆ ಊರೊಳಗಿನದು, ಬೆಟ್ಟ ದೊಡ್ಡದು. ಈಗ ಬೇಡಿಕೆ ದೊಡ್ಡದು. ಭರಣಿಯಲ್ಲಿರುವುದನ್ನು ಕೊಳ್ಳುವ ಮುನ್ನ, ಇದು ಬೆಳೆಸಿದ್ದೋ ಕಾಡಿನಿಂದ ಅಗೆದದ್ದೋ ಎಂದು ಕೇಳುವ ಅಭ್ಯಾಸವನ್ನಾದರೂ ನಾವು ಮಾಡಿಕೊಳ್ಳಬಹುದು.

ಮತ್ತೆ ನನ್ನ ಒಂಬತ್ತು ಗೆಡ್ಡೆಗಳಿಗೆ ಬರುತ್ತೇನೆ. ಮಲಗಿವೆ ಎಂಬುದು ತಿಳಿಯಿತು. ಮಲಗಿರುವವರಿಗೆ ನೀರು ಏಕೆ ಎಂದು ನಾನು ಪೂರ್ತಿ ನಿಲ್ಲಿಸಿದೆ. ಹೊರಗೆ ಹೆಪ್ಪುಗಟ್ಟುವ ಚಳಿಯಲ್ಲವೇ ಎಂದು ಕುಂಡವನ್ನು ಕೋಣೆಯೊಳಗೆ ಹೀಟರ್ ಹತ್ತಿರ ಇಟ್ಟೆ. ಫೆಬ್ರವರಿ ಕೊನೆಯಲ್ಲಿ ತೆಗೆದರೆ ಏಳು ಗೆಡ್ಡೆ ಒಣಶುಂಠಿಯಂತಾಗಿದ್ದವು. ಉಳಿದದ್ದು ಎರಡು. ಒಂದು ವರ್ಷ ನೀರು ಹೆಚ್ಚಾಗಿ ಸಾಯಿಸುವುದರಲ್ಲಿದ್ದೆ, ಮರುವರ್ಷ ಕಡಿಮೆಯಾಗಿ ಸಾಯಿಸಿದೆ. ಅಜ್ಜಿ ತಮ್ಮ ಕುಂಡಗಳನ್ನು ಇಡುತ್ತಿದ್ದುದು ಸೂರಿನ ಕೆಳಗೆ, ಮೀನು ತರುವ ಥರ್ಮೋಕೋಲ್ ಪೆಟ್ಟಿಗೆಯಲ್ಲಿ. ಪಾಚಿಯನ್ನು ಹಿಂಡಿದರೆ ಹನಿ ಬೀಳಬಾರದು, ಮುಟ್ಟಿದರೆ ತಂಪು ಗೊತ್ತಾಗಬೇಕು, ಅಷ್ಟು ತೇವ. ಹೆಪ್ಪುಗಟ್ಟಬಾರದು, ಆದರೆ ಬೆಚ್ಚಗೂ ಇರಬಾರದು. ಚಳಿ ಸಿಗದಿದ್ದರೆ ಗೆಡ್ಡೆಗೆ ಎಚ್ಚರವಾಗುವ ಕಾಲ ತಿಳಿಯುವುದಿಲ್ಲ. ಬೆಚ್ಚನೆಯ ಊರಿನಲ್ಲಿ ಬೆಳೆಸುವವರು ಒದ್ದೆ ಪಾಚಿಯ ಜೊತೆ ಗೆಡ್ಡೆಗಳನ್ನು ಕವರಿನಲ್ಲಿ ಹಾಕಿ, ಫ್ರಿಜ್‌ನ ತರಕಾರಿ ಇಡುವ ಜಾಗದಲ್ಲಿ ಎರಡು ಮೂರು ತಿಂಗಳು ಇಡುತ್ತಾರೆ. ಮನೆಯವರಿಗೆ ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ಸಾರಿಗೆ ಬೀಳುತ್ತವೆ.

ಗೆಡ್ಡೆ ಬದುಕಿದೆಯೇ ಎಂದು ತಿಳಿಯಲು ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಒತ್ತಿ ನೋಡಿ. ಗಟ್ಟಿ ಇದ್ದರೆ ಜೀವ ಇದೆ. ಮೆತ್ತಗಾಗಿ ನೀರೊಸರಿದರೆ ಕೊಳೆತಿದೆ. ಅದನ್ನು ಉಳಿದವುಗಳಿಂದ ಕೂಡಲೇ ಬೇರೆ ಮಾಡಿ. ಎಲೆ ಬಂದ ಮೇಲೆ ಅದರಲ್ಲಿ ಹಸಿರು ಹಳದಿ ಮಚ್ಚೆ ಮಚ್ಚೆಯಾಗಿ ಕಂಡರೆ ವೈರಸ್ ರೋಗವಿರಬಹುದು. ಅದನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಗಿಡಹೇನು. ಔಷಧವಿಲ್ಲ. ಆ ಗಿಡವನ್ನು ಗೆಡ್ಡೆ ಸಮೇತ ತೆಗೆದುಹಾಕುವುದೊಂದೇ ದಾರಿ. ಕೈ ಬರುವುದಿಲ್ಲ, ಆದರೂ ತೆಗೆಯಬೇಕು.

2016ರ ಬೇಸಿಗೆಯಲ್ಲಿ ಊರಿಗೆ ಹೊರಡುವಾಗ ಆ ಎರಡು ಗೆಡ್ಡೆಗಳಿಂದ ಬಂದ ಕುಂಡ ನನ್ನ ಬಳಿ ಇತ್ತು. ಚೀಲದ ಮೂಲೆಯಲ್ಲಿ ನಾಲ್ಕು ಕಾಳಿನಂತೆ ಹಾಕಿಕೊಂಡು ಬಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮನಸ್ಸಿಗೆ ಆಸೆ ಬಂದದ್ದು ನಿಜ. ಆದರೆ 1973ರ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಇಡೀ ಆರ್ಕಿಡ್ ಕುಟುಂಬವೇ ಇದೆ. ಗಡಿ ದಾಟಿಸಲು ಅನುಮತಿ ಪತ್ರ ಬೇಕು, ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಆಗತಾನೇ ವೈರಸ್ ರೋಗದ ಮಚ್ಚೆ ನೋಡಿದ್ದ ನನಗೆ ಎರಡನೆಯದರ ಅರ್ಥ ಚೆನ್ನಾಗಿ ಗೊತ್ತಿತ್ತು. ಕುಂಡವನ್ನು ಅಜ್ಜಿಯ ಬಾಗಿಲಲ್ಲಿಟ್ಟು ಬಂದೆ.

ಬರುವಾಗ ಸಗಿಸೋ ನಮ್ಮಲ್ಲಿ ಇಲ್ಲವಲ್ಲ ಎಂಬ ಬೇಸರವಿತ್ತು. ಜುಲೈ ತಿಂಗಳು, ಮಲೆನಾಡಿನಲ್ಲಿ ಮಳೆ ಹಿಡಿದಿತ್ತು. ನಮ್ಮ ಮನೆಯ ಹಿಂದಿನ ಹುಲ್ಲಿನ ದಿಬ್ಬದಲ್ಲಿ, ಜಂಬಿಟ್ಟಿಗೆ ಮಣ್ಣಿನ ಮೇಲೆ, ಬಿಳಿ ಹೂವುಗಳು ನಿಂತಿದ್ದವು. ನೆಲಕ್ಕೆ ಅಂಟಿಕೊಂಡ ದುಂಡನೆಯ ಎಲೆ, ಗೇಣುದ್ದದ ದಂಟು, ತುದಿಯಲ್ಲಿ ಒಂದೆರಡು ಹೂವು. ಬಾಲ್ಯದಲ್ಲಿ ಅದನ್ನು ತುಳಿದುಕೊಂಡು ಆಡಿದವನು ನಾನು. ಅಂದು ಬಗ್ಗಿ ನೋಡಿದೆ. ಹೆಬೆನೇರಿಯಾ ಗ್ರಾಂಡಿಫ್ಲೋರಿಫಾರ್ಮಿಸ್. ಸಗಿಸೋಗೆ ಹತ್ತಿರದ ಬಳಗ! ಅಮ್ಮಿಗೆ ತೋರಿಸಿದೆ. "ಇದಾ? ಮಳೆ ಹೂ. ಪ್ರತಿ ವರ್ಷ ಬರುತ್ತೆ. ಇದನ್ನ ನೋಡೋಕೆ ಜಪಾನಿಗೆ ಹೋಗಿದ್ಯಾ?" ಎಂದರು.

ಅಲ್ಲಿ ಮಲಗಿಸುವುದು ಚಳಿ, ಇಲ್ಲಿ ಮಲಗಿಸುವುದು ಬರ. ನಮ್ಮ ಹೆಬೆನೇರಿಯಾ ಗೆಡ್ಡೆ ಮಳೆ ನಿಂತ ಮೇಲೆ ಎಲೆ ಬಿಟ್ಟುಕೊಟ್ಟು, ಚಳಿಗಾಲ, ಬೇಸಿಗೆ ಎರಡನ್ನೂ ಮಣ್ಣಿನೊಳಗೇ ಕಳೆದು, ಮುಂಗಾರಿಗೆ ಏಳುತ್ತದೆ. ವರ್ಷದ ಕ್ರಮ ಒಂದೇ, ಕಾರಣ ಮಾತ್ರ ಬೇರೆ. ಹಾಗಾಗಿ ಇದನ್ನು ಫ್ರಿಜ್‌ನಲ್ಲಿಡಬಾರದು, ಒಣಗಿಸಿಡಬೇಕು. ಪುಸ್ತಕದ ಸೂಚನೆಯನ್ನು ಊರು ನೋಡದೆ ಪಾಲಿಸಿದರೆ ಗಿಡ ಸಾಯುವುದು ಇಲ್ಲೇ.

ಇದನ್ನು ಕೇಳಿ ನಿಮ್ಮಲ್ಲಿ ಯಾರಾದರೂ ಈ ಮಳೆಗಾಲದಲ್ಲಿ ಗುದ್ದಲಿ ಹಿಡಿದು ಹೊರಡುವ ಯೋಚನೆಯಲ್ಲಿದ್ದರೆ ದಯವಿಟ್ಟು ನಿಲ್ಲಿ. ಹೂವು ಇರುವಾಗ ಕಿತ್ತರೆ ಹಳೆಯ ಗೆಡ್ಡೆ ಬರಿದಾಗುತ್ತಿರುತ್ತದೆ, ಹೊಸದು ಇನ್ನೂ ತುಂಬಿರುವುದಿಲ್ಲ. ಅದು ಉಳಿಯುವುದಿಲ್ಲ. ಕಾಡಿನ ಗಿಡ ಕೀಳುವುದು ಕಾನೂನಿಗೂ ವಿರುದ್ಧ. ಆದರೆ ನಿಮ್ಮ ಸ್ವಂತ ಜಾಗದಲ್ಲೇ ಇದ್ದು, ಮನೆ ಕಟ್ಟಲೋ ರಸ್ತೆ ಮಾಡಲೋ ಆ ನೆಲವನ್ನು ಹೇಗೂ ಅಗೆಯುವುದಾದರೆ ಮಾತ್ರ ಸ್ಥಳ ಬದಲಿಸಿ ನೋಡಬಹುದು. ನನಗೆ ಆ ಸಂದರ್ಭ 2018ರಲ್ಲಿ ಬಂತು. ತಮ್ಮ ಮನೆ ಕಟ್ಟಲು ಹೊರಟ ಜಾಗ ಅದೇ ದಿಬ್ಬ. ಜುಲೈಯಲ್ಲಿ ಹೂವಿದ್ದಾಗ ಪ್ರತಿ ಗಿಡದ ಪಕ್ಕ ಬಿದಿರಿನ ಗೂಟ ನೆಟ್ಟೆ, ಹನ್ನೊಂದು. ಗೂಟ ನೆಡದಿದ್ದರೆ ಡಿಸೆಂಬರ್‌ನಲ್ಲಿ ಎಲ್ಲಿ ಹುಡುಕುತ್ತೀರಿ, ಮೇಲೆ ಒಣಹುಲ್ಲು ಬಿಟ್ಟರೆ ಏನೂ ಇರುವುದಿಲ್ಲ. ಡಿಸೆಂಬರ್ ಕೊನೆಗೆ ಪ್ರತಿ ಗೂಟದ ಸುತ್ತ ಇಟ್ಟಿಗೆಯಷ್ಟು ದೊಡ್ಡ ಮಣ್ಣಿನ ಹೆಂಟೆಯನ್ನು ಒಡೆಯದಂತೆ ಎತ್ತಿದೆವು. ಗೆಡ್ಡೆಯನ್ನು ತೊಳೆದು ಚೊಕ್ಕಟ ಮಾಡಬಾರದು. ಶಿಲೀಂಧ್ರ ಇರುವುದು ಆ ಮಣ್ಣಿನಲ್ಲೇ. ಎಂಟು ಹೆಂಟೆಗಳನ್ನು ದಿಬ್ಬದ ಇನ್ನೊಂದು ಬದಿಗೆ, ಅದೇ ಆಳದಲ್ಲಿ, ಅದೇ ಬಿಸಿಲಿನಲ್ಲಿ ಇಟ್ಟೆವು. ಮೂರನ್ನು ಅಗಲವಾದ ಮಣ್ಣಿನ ಕುಂಡದಲ್ಲಿ ಇಟ್ಟು, ತಳಕ್ಕೆ ಇಟ್ಟಿಗೆ ಚೂರು ಹಾಕಿ, ಮಳೆ ಬೀಳದ ಜಗುಲಿಯಲ್ಲಿ ಮೇ ಕೊನೆಯವರೆಗೆ ಒಣಗಲು ಬಿಟ್ಟೆ. ಬೇಸಿಗೆ ಮಳೆಯ ವಾಸನೆ ಬಂದಾಗ ತಿಂಗಳಿಗೊಮ್ಮೆ ಒಂದು ಲೋಟ ನೀರು, ಅಷ್ಟೇ.

ಫಲಿತಾಂಶವನ್ನು ಇದ್ದಂತೆ ಹೇಳುತ್ತೇನೆ. ಎರಡನ್ನು ಹೆಗ್ಗಣ ತಿಂದಿತು. ಹೊರಗಿನ ಉಳಿದ ಆರರಲ್ಲಿ 2019ರ ಜೂನ್‌ನಲ್ಲಿ ಐದು ಎಲೆ ಬಂತು, ಹೂವು ಒಂದೇ. ಕುಂಡದ ಮೂರರಲ್ಲಿ ಎರಡು ಎಲೆ ಬಂತು, ಹೂವು ಇಲ್ಲ. ಮರುವರ್ಷ ಕುಂಡದಲ್ಲಿ ಒಂದು ಹೂ ಬಿಟ್ಟಿತು. ಆ ಹೂವನ್ನು ನಮ್ಮ ಮನೆಯವರು ನೋಡಿದಷ್ಟು ಸಲ ಮದುಮಗಳನ್ನೂ ಯಾರೂ ನೋಡಿರಲಾರರು. ಜಗುಲಿಯ ಕುಂಡಕ್ಕೆ ಕೊಳವೆ ಬಾವಿಯ ನೀರು ಹಾಕದೆ ಮಳೆನೀರನ್ನೇ ಹಿಡಿದಿಟ್ಟು ಹಾಕಿದ್ದು ಸಹಾಯವಾಯಿತೆಂದು ನನ್ನ ಅಂದಾಜು. ಬಯಲುಸೀಮೆಯಲ್ಲಿ ಗಡಸು ನೀರು ಇರುವ ಕಡೆ ಇದು ಇನ್ನೂ ಮುಖ್ಯ.

ಮೊದಲ ಸಲ ಪ್ರಯತ್ನಿಸುವವರಿಗೆ ಇದಕ್ಕಿಂತ ಸುಲಭದ ದಾರಿ ಇದೆ. ನಮ್ಮ ನರ್ಸರಿಗಳಲ್ಲಿ ಗ್ರೌಂಡ್ ಆರ್ಕಿಡ್ ಎಂದು ಮಾರುವ ಸ್ಪಾಥೋಗ್ಲೋಟಿಸ್ ಗಿಡ ತನ್ನಿ. ಎಲೆ ಎಳೆಯ ಅಡಿಕೆ ಸಸಿಯಂತೆ ಮಡಿಕೆ ಮಡಿಕೆ, ಹೂವು ನೇರಳೆ, ಬಿಳಿ, ಹಳದಿ. ಬುಡದಲ್ಲಿ ಕೆಸುವಿನಂಥ ಪುಟ್ಟ ಗೆಡ್ಡೆಗಳು ಸಾಲಾಗಿ ಕೂಡುತ್ತವೆ. ಮಣ್ಣು, ಮರಳು, ಎಲೆಗೊಬ್ಬರ, ಸ್ವಲ್ಪ ಇಟ್ಟಿಗೆ ಚೂರು ಬೆರೆಸಿ, ಗೆಡ್ಡೆಯ ಅರ್ಧ ಮೇಲೆ ಕಾಣುವಂತೆ ನೆಟ್ಟು, ಅರ್ಧ ದಿನದ ಬಿಸಿಲು ಕೊಟ್ಟರೆ ಸಾಕು. ಇದು ಹಿಮ ತಡೆಯುವ ಜಾತಿಯಲ್ಲ, ನಮ್ಮ ಹವೆಗೆ ಒಗ್ಗುವಂಥದ್ದು. ಹೊರದೇಶದಲ್ಲಿ, ಚಳಿಯ ಊರುಗಳಲ್ಲಿ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಈ ಸಂಚಿಕೆ ನೋಡುತ್ತಿದ್ದರೆ, ಅವರು ಅಲ್ಲಿನ ನರ್ಸರಿಯಲ್ಲಿ ಬೆಳೆಸಿದ ಬ್ಲೆಟಿಲ್ಲಾ ಸ್ಟ್ರಿಯಾಟಾ ಗೆಡ್ಡೆಯಿಂದ ಆರಂಭಿಸಲಿ. ಚೀನಾ, ಜಪಾನ್ ಮೂಲದ ಈ ಗಿಡ ಸಗಿಸೋಗಿಂತ ಎಷ್ಟೋ ಸಹನೆಯುಳ್ಳದ್ದು. ವೃತ್ತಿಯಾಗಿ ಕಲಿಯುವ ಆಸಕ್ತಿ ಇರುವವರಿಗೆ ಸಿಕ್ಕಿಂನ ಪಾಕ್ಯೊಂಗ್‌ನಲ್ಲಿ 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಆರ್ಕಿಡ್ ಸಂಶೋಧನಾ ಕೇಂದ್ರವಿದೆ. ಜೀವಶಾಸ್ತ್ರ ಓದುವ ಮಕ್ಕಳೆಲ್ಲ ನೀಟ್ ಪರೀಕ್ಷೆಯ ಒಂದೇ ಬಾಗಿಲಿನ ಮುಂದೆ ಸಾಲು ನಿಂತಿರುವಾಗ, ಇಂಥ ಬಾಗಿಲುಗಳೂ ಇವೆ ಎಂಬುದು ಹೆತ್ತವರಿಗೂ ತಿಳಿದಿರಲಿ ಎಂದು ಹೇಳಿದೆ.

ನನ್ನ ಸಮಯ ಮುಗಿಯಿತೆಂದು ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ಕಳೆದ ವಾರ ನಮ್ಮ ಮನೆಯ ಸ್ಪಾಥೋಗ್ಲೋಟಿಸ್ ಕುಂಡವನ್ನು ಬಿಡಿಸಿದೆ. ಹನ್ನೆರಡು ಗೆಡ್ಡೆ ಸಿಕ್ಕಿವೆ, ಕಾಗದದಲ್ಲಿ ಸುತ್ತಿ ತಂದಿದ್ದೇನೆ. ಮೊದಲನೆಯದು ಮೂರನೆಯ ಸಾಲಿನಲ್ಲಿ ಕುಳಿತಿರುವ ಆ ಪೊಟ್ಟಣದ ವಿದ್ಯಾರ್ಥಿನಿಗೆ. ಉಳಿದ ಹನ್ನೊಂದು ಊಟದ ನಂತರ ಹಿಂದಿನ ಮೇಜಿನ ಮೇಲೆ ಇರುತ್ತವೆ. ತೆಗೆದುಕೊಂಡವರು ನೆಟ್ಟ ಮೊದಲ ವಾರ ಹೆಚ್ಚು ನೀರು ಹಾಕಬೇಡಿ, ಬರೀ ತೇವ ಇರಲಿ. ಎಲೆ ಬಿದ್ದು ಕುಂಡ ಖಾಲಿ ಕಂಡರೆ ಎಸೆಯುವ ಮುನ್ನ ಬೆರಳು ಹಾಕಿ ಗೆಡ್ಡೆಯನ್ನು ಒತ್ತಿ ನೋಡಿ, ಆಮೇಲೆ ನನಗೊಂದು ಫೋನ್ ಮಾಡಿ.